ಅಂಗಡಿ ಮುಚ್ಚಿದ ತಿಂಗಳ ಚಿತ್ರ: ಡೆಗಾನ ಹತ್ತಿ ಕಚೇರಿ

ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ ಪೋ ಅಂತ ಒಂದು ಊರಿದೆ. ಅಲ್ಲಿನ ಮ್ಯೂಸಿಯಂನಲ್ಲಿರುವ ಒಂದು ಚಿತ್ರದ ಪ್ರಕರಣ ಇದು. ಚಿತ್ರ ದೊಡ್ಡದೇನಲ್ಲ. ಎತ್ತರ 73 ಸೆಂಟಿಮೀಟರ್, ಅಗಲ 92. ಫ್ರೆಂಚ್ ಚಿತ್ರಕಾರ ಎಡ್ಗರ್ ಡೆಗಾ ಅದನ್ನು ಬರೆದದ್ದು 1873ರ ಆರಂಭದಲ್ಲಿ, ಅಮೆರಿಕದ ನ್ಯೂ ಓರ್ಲಿಯನ್ಸ್ ನಗರದಲ್ಲಿ. ಹೆಸರು 'ನ್ಯೂ ಓರ್ಲಿಯನ್ಸಿನ ಒಂದು ಹತ್ತಿ ಕಚೇರಿ'.

ಚಿತ್ರದಲ್ಲಿ 14 ಗಂಡಸರಿದ್ದಾರೆ. ಹೆಚ್ಚಿನವರದು ಕಪ್ಪು ಕೋಟು, ಹಲವರ ತಲೆ ಮೇಲೆ ಟೋಪಿ. ನಡುವೆ ಉದ್ದನೆಯ ಮೇಜು, ಅದರ ತುಂಬ ಬೆಳ್ಳನೆ ಹತ್ತಿ. ಒಬ್ಬ ಹತ್ತಿಯ ಎಳೆ ಹಿಗ್ಗಿಸಿ ನೋಡುತ್ತಿದ್ದಾನೆ. ಒಬ್ಬ ಲೆಕ್ಕದ ಪುಸ್ತಕದ ಮೇಲೆ ಬಾಗಿದ್ದಾನೆ. ಒಬ್ಬ ಆರಾಮಾಗಿ ಪೇಪರ್ ಓದುತ್ತಿದ್ದಾನೆ. ನೋಡಿದವರಿಗೆ ಅನಿಸುವುದು ಇಷ್ಟೇ: ವ್ಯಾಪಾರ ನಡೆಯುವ ಒಂದು ಜಾಗ, ಕೆಲಸದ ಒಂದು ಸಾಮಾನ್ಯ ದಿನ.

ಆದರೆ ಆ ಅಂಗಡಿಯ ಕತೆ ಆಗಲೇ ಮುಗಿದಿತ್ತು. 1873ರ ಫೆಬ್ರವರಿಯ ಮೊದಲಲ್ಲಿ ಮುಸೋನ್, ಪ್ರೆಸ್ಟಿಜ್ ಅಂಡ್ ಕಂಪನಿ ಎಂಬ ಆ ಪಾಲುದಾರಿಕೆ ಸಂಸ್ಥೆಯನ್ನು ವಿಸರ್ಜಿಸಲಾಗಿದೆ ಎಂಬ ಪ್ರಕಟಣೆ ಹೊರಬಿತ್ತು. ಡೆಗಾ ತನ್ನ ಗೆಳೆಯ, ಚಿತ್ರಕಾರ ಟಿಸೋಗೆ ಈ ಚಿತ್ರದ ಬಗ್ಗೆ ಉತ್ಸಾಹದಿಂದ ಪತ್ರ ಬರೆದದ್ದು ಫೆಬ್ರವರಿ 18ಕ್ಕೆ. ಅಂದರೆ ಬಾಗಿಲು ಹಾಕಿದ ಮೇಲೂ ಆತ ಅದೇ ಕಚೇರಿಯನ್ನು ಬರೆಯುತ್ತಲೇ ಇದ್ದ. ಮುಚ್ಚಿದ ಅಂಗಡಿಯನ್ನು ತೆರೆದ ಅಂಗಡಿಯ ಹಾಗೆ ಯಾಕೆ ಬರೆದ? ವಾಸ್ತವವಾದಿ ಅಂತ ತನ್ನನ್ನು ಕರೆದುಕೊಳ್ಳುತ್ತಿದ್ದವನು ದಿವಾಳಿಯನ್ನು ಬಚ್ಚಿಟ್ಟನೇ, ಅಥವಾ ದಿವಾಳಿ ನಿಜಕ್ಕೂ ಹೀಗೇ ಕಾಣುತ್ತದೆಯೇ? ನನ್ನ ಒಲವು ಎರಡನೆಯದರ ಕಡೆ. ಹಾಗೆ ಅನಿಸಲು ಕಾರಣಗಳಿವೆ.

ಯಾರು ಯಾರು ಅಂತ ಮೊದಲು ನೋಡೋಣ

ಇದು ಬರೀ ಕಚೇರಿಯ ಚಿತ್ರ ಅಲ್ಲ, ಒಂದು ಕುಟುಂಬದ ಚಿತ್ರ ಕೂಡ. ಡೆಗಾನ ತಾಯಿ ಸೆಲೆಸ್ಟೀನ್ ಮುಸೋನ್ ನ್ಯೂ ಓರ್ಲಿಯನ್ಸಿನವಳು. ಡೆಗಾ 13ರ ಹುಡುಗನಾಗಿದ್ದಾಗಲೇ ತೀರಿಕೊಂಡಳು. ಆಕೆಯ ಅಣ್ಣ ಮಿಶೆಲ್ ಮುಸೋನ್ ಈ ಅಂಗಡಿಯ ಹಿರಿಯ ಪಾಲುದಾರ, ಡೆಗಾಗೆ ಸೋದರಮಾವ. ಚಿತ್ರದ ಮುಂಭಾಗದಲ್ಲಿ ಎತ್ತರದ ಟೋಪಿ, ಕನ್ನಡಕ ಹಾಕಿಕೊಂಡು, ಹತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿರುವ ಮುದುಕ ಅವನೇ.

ಅವನ ಹಿಂದೆ, ಚಿತ್ರದ ನಡುಮಧ್ಯ, ಕುರ್ಚಿಯಲ್ಲಿ ಒರಗಿ 'ಡೈಲಿ ಪಿಕಯೂನ್' ಪತ್ರಿಕೆ ಓದುತ್ತಿರುವವನು ರೆನೆ. ಡೆಗಾನ ಕಿರಿಯ ತಮ್ಮ. ಎಡತುದಿಯಲ್ಲಿ ಗೋಡೆಯ ಗಾಜಿನ ಕಿಟಕಿಗೆ ಒರಗಿ ನಿಂತವನು ಇನ್ನೊಬ್ಬ ತಮ್ಮ ಅಶೀಲ್. ಈ ಇಬ್ಬರಿಗೂ ಆ ಅಂಗಡಿಯಲ್ಲಿ ಕೆಲಸವೇ ಇಲ್ಲ. ಅವರದು ಬೇರೆ ವ್ಯಾಪಾರ, ಫ್ರಾನ್ಸಿನಿಂದ ವೈನ್ ತರಿಸಿ ಮಾರುವುದು. ಸುಮ್ನೆ ಮಾವನ ಅಂಗಡಿಗೆ ಬಂದು ಕೂತಿದ್ದಾರೆ.

ಮೇಜಿನ ಅಂಚಿನ ಮೇಲೆ ಅರ್ಧ ಕೂತು ಗಿರಾಕಿಗೆ ಮಾಲು ತೋರಿಸುತ್ತಿರುವವನು ವಿಲಿಯಂ ಬೆಲ್, ಮುಸೋನನ ಅಳಿಯ. ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತವನು ಪಾಲುದಾರ ಜೇಮ್ಸ್ ಪ್ರೆಸ್ಟಿಜ್. ಬಲಗಡೆ ಕೋಟು ಕಳಚಿ, ಬರೀ ಅಂಗಿಯಲ್ಲಿ ನಿಂತು ಲೆಕ್ಕ ನೋಡುತ್ತಿರುವವನು ಜಾನ್ ಲಿವೋಡೆ, ಗುಮಾಸ್ತ. ಅವನ ಹತ್ತಿರವೇ ಒಂದು ಕಸದ ಬುಟ್ಟಿ, ಅದರಲ್ಲಿ ಕಾಗದ.

ರೆನೆ ಕೂಡ ಮುಸೋನನಿಗೆ ಅಳಿಯನೇ. 1869ರಲ್ಲಿ ಸೋದರಮಾವನ ಮಗಳು ಎಸ್ಟೆಲ್‌ಳನ್ನೇ ಮದುವೆಯಾಗಿದ್ದ. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇಲ್ಲ. ಕ್ಯಾಥೊಲಿಕ್ಕರಲ್ಲಿ ಅಂಥ ಮದುವೆಗೆ ಚರ್ಚಿನ ವಿಶೇಷ ಅನುಮತಿ ಬೇಕು. ಎಸ್ಟೆಲ್ ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ಮೊದಲ ಗಂಡನನ್ನು ಕಳೆದುಕೊಂಡಿದ್ದಳು. ಡೆಗಾ ಬಂದಾಗ ಅವಳ ಕಣ್ಣು ಹೋಗಿತ್ತು. ಡೆಗಾ ಅವಳನ್ನು ಬಹಳ ಮಮತೆಯಿಂದ ಬರೆದಿದ್ದಾನೆ, ಆದರೆ ಬೇರೆ ಚಿತ್ರಗಳಲ್ಲಿ. ಈ ಕಚೇರಿಯೊಳಗೆ ಒಬ್ಬ ಹೆಂಗಸೂ ಇಲ್ಲ.

ಈ ಸಂಬಂಧಗಳನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಈ ಕುಟುಂಬದಲ್ಲಿ ದುಡ್ಡು, ಮದುವೆ, ಸಾಲ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದವು. ಮಾವನ ಹತ್ತಿ ಕುಸಿದರೆ ಅಳಿಯನ ವೈನ್ ಅಂಗಡಿ ಅಲುಗುತ್ತದೆ. ಅಳಿಯ ಅಲುಗಿದರೆ ಪ್ಯಾರಿಸ್ಸಿನಲ್ಲಿರುವ ಅಪ್ಪನ ಬ್ಯಾಂಕು ಅಲುಗುತ್ತದೆ. ಮುಂದೆ ಆದದ್ದೂ ಅದೇ.

ದಲಾಲಿ ಅಂಗಡಿ ಹೇಗೆ ನಡೆಯುತ್ತಿತ್ತು, ಯಾಕೆ ನಿಂತಿತು

ಹುಬ್ಬಳ್ಳಿ, ರಾಯಚೂರು ಕಡೆಯ ಓದುಗರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿ ಹೇಗೋ ಮುಸೋನನ ಅಂಗಡಿಯೂ ಹಾಗೇ. ಮಾಲು ಅವನದಲ್ಲ. ತೋಟದ ಮಾಲೀಕರು ಹತ್ತಿ ಕಳಿಸುತ್ತಾರೆ, ಇವನು ಗಿರಾಕಿ ಹುಡುಕಿ ಮಾರಿಸಿ ದಲಾಲಿ ತೆಗೆದುಕೊಳ್ಳುತ್ತಾನೆ. ಸಾಮಾನ್ಯವಾಗಿ ನೂರಕ್ಕೆ ಎರಡೂವರೆ. ಆದರೆ ನಿಜವಾದ ವ್ಯಾಪಾರ ಇರುವುದು ಮುಂಗಡದಲ್ಲಿ. ಬೀಜ, ಆಹಾರ, ಉಪಕರಣ, ಕೈಖರ್ಚು, ಎಲ್ಲಕ್ಕೂ ದಲಾಲನೇ ವರ್ಷವಿಡೀ ಸಾಲ ಕೊಡುತ್ತಾನೆ. ಬೆಳೆ ಬಂದ ಮೇಲೆ ಅವನ ಅಂಗಡಿಗೇ ಹಾಕಬೇಕು. ಬಡ್ಡಿ, ದಲಾಲಿ, ಗೋದಾಮು ಬಾಡಿಗೆ, ಎಲ್ಲ ಕಳೆದು ಉಳಿದದ್ದು ಮಾಲೀಕನಿಗೆ. ದಲಾಲನಿಗೂ ಆ ದುಡ್ಡು ಸ್ವಂತದ್ದಲ್ಲ. ಅವನೂ ಬ್ಯಾಂಕಿನಿಂದಲೋ ಇಂಗ್ಲೆಂಡಿನ ಖರೀದಿದಾರರಿಂದಲೋ ತಂದಿರುತ್ತಾನೆ.

ಅಂತರ್ಯುದ್ಧಕ್ಕೆ ಮೊದಲು ಈ ಏರ್ಪಾಟು ಚೆನ್ನಾಗಿ ನಡೆಯಿತು. ಅಮೆರಿಕದ ಅತಿ ದೊಡ್ಡ ಹತ್ತಿ ಬಂದರು ನ್ಯೂ ಓರ್ಲಿಯನ್ಸ್. ಮಿಸ್ಸಿಸ್ಸಿಪ್ಪಿ ನದಿಯಲ್ಲಿ ದೋಣಿಗಟ್ಟಲೆ ಹತ್ತಿ ಇಳಿದು ಬರುತ್ತಿತ್ತು. ದಲಾಲರು ಕೊಡುವ ಸಾಲಕ್ಕೆ ಒತ್ತೆಯಾಗಿದ್ದದ್ದು ಹೊಲ ಮಾತ್ರ ಅಲ್ಲ. ಆ ಹೊಲದಲ್ಲಿ ದುಡಿಯುವ ಗುಲಾಮರನ್ನೂ ಆಸ್ತಿ ಅಂತಲೇ ಲೆಕ್ಕ ಹಿಡಿದು ಅಡವಿಡುತ್ತಿದ್ದರು. ಮುಸೋನ್ ಆ ಕಾಲದಲ್ಲಿ ಊರಿನ ಶ್ರೀಮಂತರಲ್ಲಿ ಒಬ್ಬ. ಗಾರ್ಡನ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಯಲ್ಲಿ ದೊಡ್ಡ ಮನೆ ಕಟ್ಟಿಸಿದ್ದ.

1861ರಲ್ಲಿ ಯುದ್ಧ ಶುರುವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿತು. ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದೆ ಬರಗಾಲ ಬಂತು.

ಇಲ್ಲಿ ನಮ್ಮ ನಾಡೂ ಈ ಕತೆಯೊಳಗೆ ಬರುತ್ತದೆ. 1840ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ, ಅಲ್ಲಿನ ಬೀಜ ತರಿಸಿ ಭಾರತದ ಹಲವು ಕಡೆ ಬಿತ್ತಿಸಿತ್ತು. ಬಹಳ ಕಡೆ ಅದು ಹತ್ತಲಿಲ್ಲ. ಧಾರವಾಡ ಸೀಮೆಯ ಕಪ್ಪು ಮಣ್ಣಿನಲ್ಲಿ ಮಾತ್ರ ನ್ಯೂ ಓರ್ಲಿಯನ್ಸ್ ಬೀಜ ಬೇರು ಬಿಟ್ಟಿತು. ವ್ಯಾಪಾರದವರು ಅದಕ್ಕೆ 'ಧಾರವಾಡ-ಅಮೆರಿಕನ್' ಅಂತ ಹೆಸರಿಟ್ಟರು. ಮುಸೋನನ ಬಂದರು ಮುಚ್ಚಿದಾಗ ಅದೇ ಬಂದರಿನ ಹೆಸರು ಹೊತ್ತ ಬೀಜದಿಂದ ನಮ್ಮ ರೈತರು ಬೆಳೆದ ಹತ್ತಿಗೆ ಕಂಡರಿಯದ ಬೆಲೆ ಬಂತು. ಆ ಹತ್ತಿಯನ್ನು ಸಾಗಿಸಲೆಂದೇ ಕಾರವಾರವನ್ನು ಬಂದರಾಗಿ ಬೆಳೆಸುವ ಕೆಲಸ ಚುರುಕಾಯಿತು. 1865ರಲ್ಲಿ ಯುದ್ಧ ನಿಂತಿತು. ಬೆಲೆ ಬಿತ್ತು, ಹತ್ತಿ ದುಡ್ಡಿನ ಮೇಲೆ ಉಬ್ಬಿದ್ದ ಬೊಂಬಾಯಿ ಷೇರು ಪೇಟೆ ಕುಸಿಯಿತು, ಬ್ಯಾಂಕುಗಳು ಮುಳುಗಿದವು. ಅಮೆರಿಕದಲ್ಲಿ ಯುದ್ಧದ ಹೊತ್ತಿಗೆ ಪೌಂಡಿಗೆ ಒಂದು ಡಾಲರ್ ದಾಟಿದ್ದ ಹತ್ತಿ ಕೆಲವೇ ವರ್ಷಗಳಲ್ಲಿ ಅದರ ಕಾಲುಭಾಗಕ್ಕೂ ಕೆಳಗಿಳಿಯಿತು.

ಮುಸೋನನಿಗೆ ಏಟು ಬಿದ್ದದ್ದು ಎರಡು ಮೂರು ಕಡೆಯಿಂದ. ಸೋತ ದಕ್ಷಿಣದ ಸರ್ಕಾರದ ಬಾಂಡುಗಳಲ್ಲಿ ದುಡ್ಡು ಹಾಕಿದ್ದ, ಅವು ರದ್ದಿ ಕಾಗದವಾದವು. ಗುಲಾಮಗಿರಿ ಹೋಯಿತು, ಅದರ ಜೊತೆಗೆ ಹಳೇ ಒತ್ತೆಯ ಲೆಕ್ಕವೂ ಹೋಯಿತು. ಯುದ್ಧದ ನಂತರ ಗಾರ್ಡನ್ ಡಿಸ್ಟ್ರಿಕ್ಟಿನ ಮನೆ ಮಾರಬೇಕಾಯಿತು. 1872ರ ಅಕ್ಟೋಬರಿನಲ್ಲಿ ಡೆಗಾ ಬಂದಿಳಿದಾಗ ಇಡೀ ಸಂಸಾರ ಎಸ್ಪ್ಲನೇಡ್ ಅವೆನ್ಯೂದ ಬಾಡಿಗೆ ಮನೆಯಲ್ಲಿತ್ತು.

ಇವೆಲ್ಲ ಕಣ್ಣಿಗೆ ಕಾಣುವ ಏಟುಗಳು. ನಿಧಾನವಾಗಿ ಕೊಂದದ್ದು ಬೇರೆ. 1866ರಲ್ಲಿ ಅಟ್ಲಾಂಟಿಕ್ ಸಾಗರದಡಿ ಟೆಲಿಗ್ರಾಫ್ ತಂತಿ ಕೆಲಸ ಶುರುಮಾಡಿತು. ಇಂಗ್ಲೆಂಡಿನ ಹತ್ತಿ ಪೇಟೆಯಾದ ಲಿವರ್‌ಪೂಲಿನ ಬೆಲೆ ಅದೇ ದಿನ ಅಮೆರಿಕದಲ್ಲಿ ಗೊತ್ತಾಗತೊಡಗಿತು. ರೈಲು ಒಳನಾಡಿಗೆ ಹೋಯಿತು. ಹಳ್ಳಿಯ ಅಂಗಡಿಯವನೇ ರೈತರಿಗೆ ಉದ್ರಿ ಕೊಟ್ಟು ಹತ್ತಿ ಕೊಳ್ಳತೊಡಗಿದ. ಖರೀದಿದಾರರು ನೇರವಾಗಿ ರೈಲು ನಿಲ್ದಾಣದಲ್ಲೇ ಮಾಲು ಎತ್ತತೊಡಗಿದರು. 1871ರಲ್ಲಿ ನ್ಯೂ ಓರ್ಲಿಯನ್ಸ್ ಕಾಟನ್ ಎಕ್ಸ್‌ಚೇಂಜ್ ಶುರುವಾಯಿತು. ಬೆಲೆಯ ಸುದ್ದಿ, ದರ್ಜೆಯ ನಿಯಮ, ಜಗಳದ ತೀರ್ಮಾನ, ಎಲ್ಲ ಒಂದೇ ಕಡೆ. ಮುಸೋನ್ ಕೈಬೆರಳಲ್ಲಿ ಎಳೆ ಹಿಗ್ಗಿಸಿ ದರ್ಜೆ ಹೇಳುವ ವಿದ್ಯೆ ಏನಿತ್ತೋ, ಅದಕ್ಕೆ ಮೊದಲಿನ ಬೆಲೆ ಇರಲಿಲ್ಲ. ನಡುವೆ ನಿಂತು ಬದುಕುವ ದಲಾಲನಿಗೆ ನಿಲ್ಲುವ ಜಾಗವೇ ಕಿರಿದಾಗುತ್ತ ಬಂತು.

ಇನ್ನೊಂದು ವಿಷಯ. ಹತ್ತಿ ಸುಗ್ಗಿ ಸೆಪ್ಟೆಂಬರಿನಿಂದ ವಸಂತದವರೆಗೆ. ಅಂದರೆ ಫೆಬ್ರವರಿ ವ್ಯಾಪಾರ ಬಿರುಸಾಗಿರಬೇಕಾದ ತಿಂಗಳು. ಆಫ್ ಸೀಸನ್ನಿನಲ್ಲಿ ಅಂಗಡಿ ಮುಚ್ಚಿದರೆ ಮುಂದಿನ ವರ್ಷ ತೆರೆಯುತ್ತಾರೇನೋ ಅನ್ನಬಹುದು. ಸುಗ್ಗಿಯ ನಡುವೆ ಮುಚ್ಚಿದರೆ ಅದರ ಅರ್ಥ ಎಲ್ಲ ವ್ಯಾಪಾರಿಗಳಿಗೂ ಗೊತ್ತು.

ಡೆಗಾ ಅಲ್ಲಿ ಏನು ಮಾಡುತ್ತಿದ್ದ

ಆಗ ಅವನಿಗೆ 38 ವರ್ಷ. ಪ್ಯಾರಿಸ್ಸಿನಲ್ಲಿ ಹೆಸರು ಇನ್ನೂ ಗಟ್ಟಿಯಾಗಿರಲಿಲ್ಲ. ತಾಯಿಯ ತವರು ನೋಡಲು ಬಂದವನಿಗೆ ಅಲ್ಲಿನ ಬಿಸಿಲು ಆಗಲಿಲ್ಲ, ಕಣ್ಣು ನೋಯುತ್ತಿತ್ತು. ಮೊದಲೇ ದೃಷ್ಟಿ ದುರ್ಬಲ. ಮನೆಯವರೆಲ್ಲ ನನ್ನ ಚಿತ್ರ ಬರಿ, ಮಗುವಿನ ಚಿತ್ರ ಬರಿ ಅಂತ ಹಿಂದೆ ಬಿದ್ದರು. ಕೂರಿಸಿದ ಮಕ್ಕಳು ಕೂರಲಿಲ್ಲ. ಇಲ್ಲಿ ಹತ್ತಿ ಬಿಟ್ಟರೆ ಬೇರೆ ಮಾತಿಲ್ಲ, ಎಲ್ಲರೂ ಹತ್ತಿಗಾಗಿ ಬದುಕುತ್ತಾರೆ ಅಂತ ಪತ್ರಗಳಲ್ಲಿ ಗೊಣಗಿದ. ಜನವರಿಯಲ್ಲಿ ವಾಪಸು ಹೊರಡಬೇಕಿತ್ತು. ಪ್ರಯಾಣ ಮುಂದೆ ಹೋಯಿತು. ಆ ಹೆಚ್ಚಿನ ದಿನಗಳಲ್ಲಿ ಹುಟ್ಟಿದ್ದು ಈ ಚಿತ್ರ.

ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ. ಎಲ್ಲರೂ ಒಂದೇ ಕೋಣೆಯಲ್ಲಿದ್ದಾರೆ, ಆದರೆ ಹೆಚ್ಚಿನವರು ಒಬ್ಬರನ್ನೊಬ್ಬರು ನೋಡುತ್ತಿಲ್ಲ. ನೆಲದ ಹಲಗೆಗಳು ಓರೆಯಾಗಿ ಒಳಗೆ ಓಡುತ್ತವೆ, ನಮ್ಮ ಕಣ್ಣು ಅವುಗಳ ಜೊತೆ ಹಿಂದಿನ ಕಪಾಟಿನವರೆಗೆ ಹೋಗಿ ಮತ್ತೆ ಮುಂದೆ ಬರುತ್ತದೆ. ಯಾವುದೂ 'ಇದು ಮುಖ್ಯ, ಇಲ್ಲಿ ನೋಡು' ಅನ್ನುವುದಿಲ್ಲ. ಪೇಪರಿನ ಬಿಳುಪು, ಹತ್ತಿಯ ಬಿಳುಪು, ಗುಮಾಸ್ತನ ಅಂಗಿಯ ಬಿಳುಪು, ಮೂರಕ್ಕೂ ಒಂದೇ ತೂಕ. ಕೆಲಸ ಮಾಡುವವನೂ ಮಾಡದವನೂ ಸಮ.

ಎಣಿಸಿ ನೋಡಿದರೆ ನಿಜವಾಗಿ ದುಡಿಯುತ್ತಿರುವವರು ಅರ್ಧದಷ್ಟೂ ಇಲ್ಲ ಅನಿಸುತ್ತದೆ. ಅಶೀಲ್ ಕಾಲು ಅಡ್ಡ ಹಾಕಿ ಒರಗಿದ್ದಾನೆ. ರೆನೆ ಪೇಪರಿನಲ್ಲಿ ಮುಳುಗಿದ್ದಾನೆ. ಮುಸೋನ್ ಎಳೆ ನೋಡುತ್ತಿರುವುದು ಯಾವ ಗಿರಾಕಿಗಾಗಿ? ಅವನ ಎದುರು ಯಾರೂ ಇಲ್ಲ. ಅಭ್ಯಾಸಬಲದಿಂದ ಕೈ ಆಡುತ್ತಿದೆ. ಲೆಕ್ಕ ನೋಡುವ ಗುಮಾಸ್ತ ಒಬ್ಬನೇ ಅವಸರದಲ್ಲಿದ್ದವನ ಹಾಗೆ ಕಾಣುತ್ತಾನೆ. ಮುಚ್ಚುವ ಅಂಗಡಿಯಲ್ಲಿ ಕೊನೆಯವರೆಗೂ ಕೆಲಸ ಇರುವುದು ಲೆಕ್ಕದವನಿಗೇ ಅಲ್ವಾ?

ರೆನೆ ಓದುತ್ತಿರುವುದು ತಮ್ಮದೇ ಅಂಗಡಿ ಮುಚ್ಚಿದ ಪ್ರಕಟಣೆ ಅಂತ ಊಹಿಸುವ ಆಸೆ ಯಾರಿಗಾದರೂ ಆಗುತ್ತದೆ. ಕತೆಗೆ ಚೆಂದ. ಆದರೆ ಚಿತ್ರದಲ್ಲಿ ಅದಕ್ಕೆ ಆಧಾರ ಇಲ್ಲ. ಪತ್ರಿಕೆಯ ಹೆಸರು ಓದಲು ಬರುತ್ತದೆ, ಒಳಗಿನ ಸಾಲು ಬರುವುದಿಲ್ಲ. ಆ ಆಸೆಯನ್ನು ಬಿಟ್ಟು ನೋಡಿದರೇ ಚಿತ್ರ ಜಾಸ್ತಿ ಗಟ್ಟಿ ಅನಿಸುತ್ತದೆ. ಡೆಗಾಗೆ ಸುಳಿವು ಬಿಡುವ ಇಷ್ಟವೇ ಇರಲಿಲ್ಲ.

ರಷ್ಯಾದ ವಾಸ್ತವವಾದಿ ವ್ಲಾದಿಮಿರ್ ಮಕೋವ್‌ಸ್ಕಿ 1881ರಲ್ಲಿ ಬರೆದ 'ಬ್ಯಾಂಕ್ ದಿವಾಳಿ' ಚಿತ್ರವನ್ನು ಇದರ ಪಕ್ಕ ಇಡಬಹುದು. ಅದು ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿಯಲ್ಲಿದೆ. ಅಲ್ಲಿ ದುಡ್ಡು ಇಟ್ಟವರು ಬ್ಯಾಂಕಿಗೆ ಮುತ್ತಿಕೊಂಡಿದ್ದಾರೆ. ಗಾಬರಿ, ಅಳು, ಸಿಟ್ಟು ಎಲ್ಲ ಮುಖದ ಮೇಲೇ ಇದೆ. ಯಾರಿಗೆ ಮೋಸ ಆಯಿತು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಒಳ್ಳೆಯ ಚಿತ್ರ. ಆದರೆ ಅದು ದಿವಾಳಿಯ ಸುದ್ದಿ ಹೊರಬಿದ್ದ ಗಳಿಗೆ, ಹೊರಗಿನವರ ದಿವಾಳಿ. ಡೆಗಾ ಬರೆದದ್ದು ಒಳಗಿನವರದು. ಒಳಗಿನವರಿಗೆ ಅದು ಒಂದು ದಿನದಲ್ಲಿ ಬರುವುದಿಲ್ಲ. ವರ್ಷಗಟ್ಟಲೆ ಬಂದಿರುತ್ತದೆ. ಮನೆ ಮಾರಿದಾಗ ಒಮ್ಮೆ ಬಂದಿತ್ತು, ಬಾಂಡು ರದ್ದಾದಾಗ ಒಮ್ಮೆ. ಪ್ರಕಟಣೆ ಅಚ್ಚಾಗುವ ಹೊತ್ತಿಗೆ ಅಳುವವರು ಯಾರೂ ಉಳಿದಿರುವುದಿಲ್ಲ. ಬೆಳಗ್ಗೆ ಎದ್ದು ಕೋಟು ಹಾಕಿಕೊಂಡು ಅದೇ ಅಂಗಡಿಗೆ ಬಂದು ಕೂರುತ್ತಾರೆ, ಬೇರೆ ಎಲ್ಲಿಗೆ ಹೋಗಬೇಕು?

ಚಿತ್ರವೂ ಮಾಲೇ

ಟಿಸೋಗೆ ಬರೆದ ಪತ್ರದಲ್ಲಿ ಇನ್ನೊಂದು ಸಂಗತಿ ಇದೆ. ಈ ಚಿತ್ರವನ್ನು ಲಂಡನ್ನಿನ ವ್ಯಾಪಾರಿ ಆಗ್ನ್ಯೂ ಮೂಲಕ ಮ್ಯಾಂಚೆಸ್ಟರಿನಲ್ಲಿ ಮಾರುವ ಯೋಚನೆ ತನಗಿದೆ ಅಂತ ಡೆಗಾ ಹೇಳುತ್ತಾನೆ. ನೂಲಿನ ಗಿರಣಿಯವನಿಗೆ ತನಗೆ ತಕ್ಕ ಚಿತ್ರಕಾರ ಬೇಕಿದ್ದರೆ ಅದು ನಾನೇ ಅನ್ನುವ ಧಾಟಿ. ಗಿರಣಿ ಮಾಲೀಕನೊಬ್ಬನ ಹೆಸರನ್ನೂ ಎತ್ತುತ್ತಾನೆ. ಹತ್ತಿ ಎಲ್ಲಿಗೆ ಹೋಗುತ್ತಿತ್ತೋ ಹತ್ತಿಯ ಚಿತ್ರವನ್ನೂ ಅಲ್ಲಿಗೇ ಕಳಿಸುವ ಲೆಕ್ಕ. ಮಾವ ನಮೂನೆ ತೋರಿಸಿ ಹತ್ತಿ ಮಾರುತ್ತಿದ್ದ. ಸೋದರಳಿಯ ಡೆಗಾನೂ ಚಿತ್ರವನ್ನು ನಮೂನೆಯ ಹಾಗೇ ಹಿಡಿದಿದ್ದ.

ಇದು ತಿಳಿದ ಮೇಲೆ ಮೊದಲು ಕೇಳಿದ ಪ್ರಶ್ನೆಗೆ ಇನ್ನೊಂದು ಉತ್ತರವೂ ಹೊಳೆಯುತ್ತದೆ, ಅದನ್ನು ಮುಚ್ಚಿಡಬಾರದು. ಗಿರಣಿ ಮಾಲೀಕನ ಬೈಠಕ್‌ಖಾನೆಯ ಗೋಡೆಗೆ ದಿವಾಳಿಯ ಚಿತ್ರ ಯಾರು ಕೊಳ್ಳುತ್ತಾರೆ? ಅಂಗಡಿ ತೆರೆದಿದೆ ಅಂತ ತೋರಿಸುವುದು ವ್ಯಾಪಾರಕ್ಕೆ ಒಳ್ಳೆಯದು. ಹಾಗಾದರೆ ಡೆಗಾ ಸತ್ಯ ಹೇಳಲಿಲ್ಲ ಅನ್ನೋಣವೇ? ನನಗೆ ಹಾಗೆ ಅನಿಸುವುದಿಲ್ಲ. ಮಾರುವ ಉದ್ದೇಶ ಇತ್ತು, ಸರಿ. ಆದರೆ ಬರೀ ಮಾರುವ ಉದ್ದೇಶ ಇದ್ದಿದ್ದರೆ ಇಷ್ಟು ಜನ ಕೆಲಸವಿಲ್ಲದವರನ್ನು ಮುಂದೆ ಕೂರಿಸುವ ಅಗತ್ಯ ಇರಲಿಲ್ಲ. ಅಶೀಲನ ಆ ನಿಲುವು, ರೆನೆಯ ಆ ಪೇಪರು ಗಿರಾಕಿಯನ್ನು ಒಲಿಸುವ ವಿವರಗಳಲ್ಲ.

ಏನೇ ಇರಲಿ, ಮ್ಯಾಂಚೆಸ್ಟರ್ ಕೊಳ್ಳಲಿಲ್ಲ. ಡೆಗಾ 1873ರ ವಸಂತದ ಹೊತ್ತಿಗೆ ಪ್ಯಾರಿಸ್ಸಿಗೆ ಮರಳಿದ. ಮೇ 9ರಂದು ವಿಯೆನ್ನಾದ ಷೇರು ಪೇಟೆ ಬಿತ್ತು. ಸೆಪ್ಟೆಂಬರ್ 18ರಂದು ಅಮೆರಿಕದ ಜೇ ಕುಕ್ ಬ್ಯಾಂಕು ಬಾಗಿಲು ಹಾಕಿತು. ರೈಲು ಬಾಂಡುಗಳಲ್ಲಿ ಕೈ ಸುಟ್ಟುಕೊಂಡಿತ್ತು. ನ್ಯೂಯಾರ್ಕ್ ಷೇರು ಪೇಟೆಯನ್ನೇ ಹತ್ತು ದಿನ ಮುಚ್ಚಿದರು. ಇತಿಹಾಸದ ಪುಸ್ತಕಗಳಲ್ಲಿ '1873ರ ಆರ್ಥಿಕ ಕುಸಿತ' ಅಂತ ಬರುವುದು ಅದು. ಮುಸೋನನ ಅಂಗಡಿ ಅದಕ್ಕೂ ಏಳು ತಿಂಗಳು ಮೊದಲೇ ಹೋಗಿತ್ತು.

ಹೊರಡುವ ಮೊದಲು ಡೆಗಾ ಇದೇ ವಿಷಯದ ಇನ್ನೊಂದು ಚಿತ್ರ ಶುರುಮಾಡಿದ್ದ. 'ನ್ಯೂ ಓರ್ಲಿಯನ್ಸಿನ ಹತ್ತಿ ವ್ಯಾಪಾರಿಗಳು', ಈಗ ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿದೆ. ಅದರಲ್ಲಿ ಇಷ್ಟೊಂದು ಜನ ಇಲ್ಲ, ವಿವರವೂ ಕಡಿಮೆ. ಮೇಜಿನ ತುಂಬ ಹತ್ತಿ ಸಮುದ್ರದ ನೊರೆಯ ಹಾಗೆ ಹರಡಿದೆ. ಡೆಗಾಗೆ ಅದೇ ಹೆಚ್ಚು ಕಲೆ ಅನಿಸಿತ್ತು. ಚಿತ್ರವಾಗಿ ಅದು ಚೆಂದ ಇರಬಹುದು. ಈ ಪ್ರಕರಣಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಕೋಣೆಯ ಹೊರಗಿದ್ದವರು

ಈ ಚಿತ್ರವನ್ನು ಹೊಗಳುವವರು ಬೇಗ ದಾಟಿಹೋಗುವ ಒಂದು ವಿಷಯ ಇದೆ. ಹತ್ತಿಯ ಊರಿನ ಚಿತ್ರದಲ್ಲಿ ಹತ್ತಿ ಬೆಳೆದವರು ಯಾರೂ ಇಲ್ಲ. ಬಿಡಿಸಿದವರಿಲ್ಲ, ಅಂಡಿಗೆ ಹೊತ್ತವರಿಲ್ಲ. 14 ಜನರಲ್ಲಿ ಒಬ್ಬ ಕಪ್ಪು ಮನುಷ್ಯನೂ ಇಲ್ಲ. ಡೆಗಾ ಅವರನ್ನು ನೋಡಿರಲಿಲ್ಲ ಅಂತ ಅಲ್ಲ. ಪತ್ರಗಳಲ್ಲಿ ಅವರ ಬಗ್ಗೆ ಬರೆದಿದ್ದಾನೆ, ಆದರೆ ದಾರಿಹೋಕನ ಕುತೂಹಲದಿಂದ. ಸ್ವಲ್ಪ ದಿನ ಇದ್ದು ಹೋಗುವವನು ಹೊಸ ಲೋಕವನ್ನು ಬರೆಯಲಾಗದು, ಗೊತ್ತಿದ್ದದ್ದನ್ನೇ ಬರೆಯಬೇಕು ಅನ್ನುವುದು ಅವನ ನಿಲುವು. ಪ್ರಾಮಾಣಿಕ ನಿಲುವು ಅನ್ನಬಹುದು, ಅನುಕೂಲದ ನಿಲುವೂ ಹೌದು. ತಾಯಿಯ ಕಡೆಯ ಸಂಬಂಧದಲ್ಲೇ ನಾರ್ಬರ್ಟ್ ರಿಲಿಯೂ ಎಂಬ ಕಪ್ಪು ಎಂಜಿನಿಯರ್ ಇದ್ದ. ಸೆಲೆಸ್ಟೀನಳಿಗೆ ಸೋದರ ಸಂಬಂಧಿ. ಕಬ್ಬಿನ ಹಾಲನ್ನು ಕಡಿಮೆ ಉರುವಲಿನಲ್ಲಿ ಬತ್ತಿಸುವ ಯಂತ್ರ ಕಂಡುಹಿಡಿದವನು. ಇವತ್ತಿನ ಸಕ್ಕರೆ ಕಾರ್ಖಾನೆಗಳಲ್ಲೂ ಅದೇ ತತ್ವ. ಡೆಗಾನ ಪತ್ರಗಳಲ್ಲಿರುವ ಬಂಧುಬಳಗದಲ್ಲಿ ಅವನು ಕಾಣಿಸುವುದಿಲ್ಲ.

ಸಾಮಾನ್ಯ ಜನ ಅಂದರೆ ಯಾರು ಅನ್ನುವ ಪ್ರಶ್ನೆ ಇಲ್ಲೇ ಏಳುತ್ತದೆ. ಗುಮಾಸ್ತ ಲಿವೋಡೆ ಸಾಮಾನ್ಯನೇ. ಆದರೆ ಈ ಕುಸಿತದ ಅತಿ ದೊಡ್ಡ ಭಾರ ಹೊತ್ತವರು ಹೊಲದಲ್ಲಿದ್ದರು. ಗುಲಾಮಗಿರಿಯಿಂದ ಬಿಡುಗಡೆಯಾದವರು ಪಾಲಿನ ಬೇಸಾಯಕ್ಕೆ ಇಳಿದಿದ್ದರು. ಹಳ್ಳಿಯ ಅಂಗಡಿಯ ಸಾಲಕ್ಕೆ ಬರಲಿರುವ ಬೆಳೆಯನ್ನೇ ಅಡವಿಟ್ಟಿದ್ದರು. ಹತ್ತಿ ಬೆಲೆ ಬಿದ್ದಾಗ ಅವರ ಸಾಲ ವರ್ಷದಿಂದ ವರ್ಷಕ್ಕೆ ಉರುಳಿತು.

ಚಿತ್ರದಲ್ಲಿರುವ ಶಾಂತ ಮುಖಗಳ ಇನ್ನೊಂದು ಬದಿಯೂ ಬೇಗ ಹೊರಬಂತು. 1873ರಲ್ಲಿ ಮುಸೋನ್ ಕಪ್ಪು-ಬಿಳಿ ಜನರ ರಾಜಕೀಯ ಒಗ್ಗಟ್ಟಿನ ಒಂದು ಪ್ರಯತ್ನಕ್ಕೆ ಸೇರಿದ್ದ. ಅದು ಬೇಗ ಬಿದ್ದುಹೋಯಿತು. ಮುಂದಿನ ವರ್ಷ ಮಾವ, ಅಳಿಯ ಬೆಲ್ ಇಬ್ಬರೂ ವೈಟ್ ಲೀಗ್ ಎಂಬ ಬಿಳಿಯರ ಸಶಸ್ತ್ರ ಸಂಘಟನೆಯ ಕಡೆ ಇದ್ದರು. 1874ರ ಸೆಪ್ಟೆಂಬರ್ 14ರಂದು ಅದರ ಸಾವಿರಾರು ಜನ ನ್ಯೂ ಓರ್ಲಿಯನ್ಸಿನ ಬೀದಿಯಲ್ಲಿ ಪೊಲೀಸರ ಮೇಲೆ, ರಾಜ್ಯದ ಪಡೆಯ ಮೇಲೆ ಬಿದ್ದು, ಚುನಾಯಿತ ಸರ್ಕಾರವನ್ನು ಕೆಲ ದಿನ ಕಿತ್ತುಹಾಕಿದರು. ಕೇಂದ್ರದ ಸೈನ್ಯ ಬಂದ ಮೇಲೆ ಹಿಂದೆ ಸರಿದರು. ದುಡ್ಡು ಕಳೆದುಕೊಂಡ ಮಧ್ಯಮ ವರ್ಗದ ಸಿಟ್ಟು ಎತ್ತ ತಿರುಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹತ್ತಿಯ ಎಳೆಯನ್ನು ಅಷ್ಟು ನಾಜೂಕಾಗಿ ಹಿಡಿದ ಕೈಗಳವು.

ದಿವಾಳಿ ಪ್ಯಾರಿಸ್ಸಿಗೆ ಬಂತು

1874ರ ಫೆಬ್ರವರಿಯಲ್ಲಿ ಡೆಗಾನ ತಂದೆ ತೀರಿಕೊಂಡ. ಬ್ಯಾಂಕಿನ ಪುಸ್ತಕ ತೆಗೆದು ನೋಡಿದರೆ ತುಂಬ ಸಾಲ. ಅದರ ಜೊತೆ ರೆನೆ ತನ್ನ ವೈನ್ ವ್ಯಾಪಾರಕ್ಕೆ ಎತ್ತಿದ್ದ 40,000 ಫ್ರಾಂಕ್ ಸಾಲವೂ ಮನೆತನದ ಕುತ್ತಿಗೆಗೆ ಬಿತ್ತು. ರೆನೆ ಕಟ್ಟಲಿಲ್ಲ. ಡೆಗಾ ಮತ್ತು ತಂಗಿ ಮಾರ್ಗರೀಟಳ ಗಂಡ ಸೇರಿ ತೀರಿಸಬೇಕಾಯಿತು. ಡೆಗಾ ಸಂಗ್ರಹಿಸಿದ್ದ ಚಿತ್ರಗಳನ್ನು ಮಾರಿದ, ಮನೆ ಬಿಟ್ಟ. ಅಲ್ಲಿಯವರೆಗೆ ಹೊಟ್ಟೆಪಾಡಿನ ಚಿಂತೆ ಇಲ್ಲದೆ ಬರೆಯುತ್ತಿದ್ದವನು ಈಗ ತಿಂಗಳಿಗಿಷ್ಟು ಅಂತ ಮಾರಲು ಬರೆಯಬೇಕಾಯಿತು. ನೃತ್ಯಗಾತಿಯರ ಸಣ್ಣ ಚಿತ್ರಗಳು, ಬೀಸಣಿಗೆಯ ಮೇಲಿನ ಚಿತ್ರಗಳು, ಪ್ಯಾಸ್ಟೆಲ್‌ಗಳು, ಹೀಗೆ ಬೇಗ ಮುಗಿದು ಬೇಗ ಖರ್ಚಾಗುವಂಥವು.

ನ್ಯೂ ಓರ್ಲಿಯನ್ಸಿನಿಂದ ತಂದ ಚಿತ್ರವನ್ನು 1876ರ ಏಪ್ರಿಲ್‌ನಲ್ಲಿ ಇಂಪ್ರೆಷನಿಸ್ಟರು ಎಂಬ ಹೊಸ ಧಾಟಿಯ ಚಿತ್ರಕಾರರ ಎರಡನೇ ಪ್ರದರ್ಶನದಲ್ಲಿಟ್ಟ. ಇಂಪ್ರೆಷನಿಸ್ಟ್ ಅನ್ನುವ ಹೆಸರು ಅವನಿಗೆ ಹಿಡಿಸುತ್ತಿರಲಿಲ್ಲ. ನಮ್ಮದು ವಾಸ್ತವವಾದಿಗಳ ಪ್ರದರ್ಶನ ಆಗಬೇಕು ಅಂತ ಟಿಸೋಗೆ 1874ರಲ್ಲೇ ಬರೆದಿದ್ದ. ಹತ್ತಿ ಕಚೇರಿಯನ್ನು ನೋಡಿದ ಎಮಿಲ್ ಜೋಲಾಗೆ ಅದು ಸಚಿತ್ರ ಪತ್ರಿಕೆಯ ಅಚ್ಚುಚಿತ್ರದ ಹಾಗೆ ಕಂಡಿತು. ಗಣಿ ಕೆಲಸಗಾರರ ಬಗ್ಗೆ, ಷೇರು ಪೇಟೆಯ ಬಗ್ಗೆ ಮುಂದೆ ಕಾದಂಬರಿ ಬರೆದವನಿಗೇ ಇದರೊಳಗಿನ ಕತೆ ಕಾಣಲಿಲ್ಲ. ಹೆಸರಿನ ಪಟ್ಟಿಯಲ್ಲಿ ಇದ್ದದ್ದು 'ಕಚೇರಿಯೊಂದರಲ್ಲಿ ಭಾವಚಿತ್ರಗಳು (ನ್ಯೂ ಓರ್ಲಿಯನ್ಸ್)' ಅಂತ ಅಷ್ಟೇ. ಇದು ಮುಚ್ಚಿದ ಅಂಗಡಿ ಅಂತ ನೋಡಿದವರಿಗೆ ಹೇಗೆ ಗೊತ್ತಾಗಬೇಕು?

1878ರಲ್ಲಿ ಪೋ ಊರಿನ ಮ್ಯೂಸಿಯಂ ಅದನ್ನು 2,000 ಫ್ರಾಂಕ್ ಕೊಟ್ಟು ಕೊಂಡಿತು. ಮ್ಯೂಸಿಯಂ ಒಂದು ತನ್ನನ್ನು ಗುರುತಿಸಿದ್ದು ಇದೇ ಮೊದಲು ಅಂತ ಡೆಗಾ ಅಲ್ಲಿನವರಿಗೆ ಕೃತಜ್ಞತೆಯ ಪತ್ರ ಬರೆದ. ರೆನೆಯ ಸಾಲದ ಮುಂದೆ ಆ ದುಡ್ಡು ಇಪ್ಪತ್ತರಲ್ಲಿ ಒಂದು ಪಾಲು.

ಅದೇ ವರ್ಷ ರೆನೆ ಕುರುಡಿ ಹೆಂಡತಿಯನ್ನೂ ಮಕ್ಕಳನ್ನೂ ಬಿಟ್ಟು ನೆರೆಮನೆಯ ಹೆಂಗಸಿನ ಜೊತೆ ಹೊರಟುಹೋದ. ಮಕ್ಕಳಿಗೆ ತಾಯಿಯ ತವರಿನ ಮುಸೋನ್ ಹೆಸರೇ ಬಂತು. ಡೆಗಾ ವರ್ಷಗಟ್ಟಲೆ ತಮ್ಮನ ಮುಖ ನೋಡಲಿಲ್ಲ. ಆಮೇಲೆ ಹೇಗೋ ರಾಜಿಯಾಯಿತು. ಡೆಗಾ ಮದುವೆಯಾಗಲಿಲ್ಲ, ಮಕ್ಕಳಿಲ್ಲ. 1917ರಲ್ಲಿ ಅವನು ಸತ್ತಾಗ ಸ್ಟುಡಿಯೋದಲ್ಲಿ ಉಳಿದಿದ್ದ ರಾಶಿ ಚಿತ್ರಗಳನ್ನು ಮುಂದಿನ ಎರಡು ವರ್ಷ ಪ್ಯಾರಿಸ್ಸಿನಲ್ಲಿ ಹರಾಜು ಹಾಕಿದರು. ಆ ಹೊತ್ತಿಗೆ ಡೆಗಾನ ಬೆಲೆ ಆಕಾಶಕ್ಕೇರಿತ್ತು. ದುಡ್ಡು ವಾರಸುದಾರರಿಗೆ ಹಂಚಿಕೆಯಾಯಿತು. ಅವರಲ್ಲಿ ಒಬ್ಬ ರೆನೆ.